ಕ್ವಾರಿ ನಿಂತ ಗೋಮಾಳಕ್ಕೆ ಮೊದಲು ಹುಲ್ಲು ಬರಲಿ

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಕಲ್ಲು ಕ್ವಾರಿ ನಿಂತ ಜಾಗಕ್ಕೆ ಹೋದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ, 'ಇಲ್ಲಿ ಯಾವ ಸಸಿ ನೆಡೋಣ?' ಹುಲ್ಲು ಬಿತ್ತಿ ಅಂತೀನಿ. ಹೆಚ್ಚಿನವರಿಗೆ ಇದು ಸಪ್ಪೆ ಅನಿಸುತ್ತದೆ. ಆದರೆ ಆ ನೆಲ ಮೊದಲು ಏನಾಗಿತ್ತು ಹೇಳಿ? ಗೋಮಾಳ, ಕಾವಲು. ಹಳ್ಳಿಕಾರ್ ದನ, ಮಳವಳ್ಳಿ ಕಡೆಯಾದರೆ ಬಂಡೂರು ಕುರಿ ಮೇಯುತ್ತಿದ್ದ ಜಾಗ ಅದು. ಸುಪ್ರೀಂ ಕೋರ್ಟ್ ಕೂಡ 2020ರ ಜನವರಿಯಲ್ಲಿ ಇದನ್ನೇ ಹೇಳಿದೆ: ಗಣಿ ಮುಗಿಸಿದವರು ಅಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೆ, ಗಿಡಕ್ಕೆ, ಪ್ರಾಣಿಗಳಿಗೆ ತಕ್ಕ ನೆಲ ಮಾಡಿಕೊಡಬೇಕು.

ಮೊದಲ ಕೆಲಸ ಮಣ್ಣಿನದು. ಟಿಪ್ಪರ್, ಹಿಟಾಚಿ ಓಡಾಡಿ ನೆಲ ಗಟ್ಟಿಯಾಗಿರುತ್ತದೆ, ಅದರ ಮೇಲೆ ಕ್ರಷರ್ ಧೂಳು ಹೆಪ್ಪುಗಟ್ಟಿ ಮಳೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಇಳಿಜಾರಿಗೆ ಅಡ್ಡವಾಗಿ ಆಳಕ್ಕೆ ಸೀಳಬೇಕು. ಎತ್ತಿಟ್ಟ ಮೇಲ್ಮಣ್ಣು ಇದ್ದರೆ ಹರಡಿ, ಆದರೆ ವರ್ಷಗಟ್ಟಲೆ ಎತ್ತರದ ಗುಡ್ಡೆಯಲ್ಲಿ ಬಿದ್ದಿದ್ದ ಮಣ್ಣಿನಲ್ಲಿ ಬೀಜ, ಸೂಕ್ಷ್ಮಜೀವಿ ಬಹುಪಾಲು ಸತ್ತಿರುತ್ತವೆ, ಅದನ್ನೇ ನಂಬಿ ಕೂರಬೇಡಿ. ಕೆರೆ ಗೋಡು, ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ನಮ್ಮಲ್ಲಿ ಸಿಗುತ್ತದೆ ಅಂತ ಸುಮ್ನೆ ಸುರಿಯಬೇಡಿ. ನಮ್ಮ ಬೆಟ್ಟದ ಹುಲ್ಲು ಬಡ ಮಣ್ಣಿಗೆ ಒಗ್ಗಿದ್ದು. ಗೊಬ್ಬರ ಜಾಸ್ತಿಯಾದರೆ ಮೇಲೇಳುವುದು ಕಾಂಗ್ರೆಸ್ ಗಿಡ!

ಮೈಸೂರಿನ ದೊಡ್ಡಕಾನ್ಯ ಕಡೆಯ ಮ್ಯಾಗ್ನಸೈಟ್ ಗಣಿಗಳ ಕಥೆಯೇ ಬೇರೆ. ಅಲ್ಲಿನ ಮಣ್ಣಿನಲ್ಲಿ ಮೆಗ್ನೀಸಿಯಂ ವಿಪರೀತ, ಕ್ಯಾಲ್ಸಿಯಂ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ ಇರುವ ಜಿಪ್ಸಮ್ ಕೊಟ್ಟು, ಆಮೇಲೆ ಬಿತ್ತನೆ.

ಬೀಜ ಎಲ್ಲಿಂದ? ಪಕ್ಕದಲ್ಲಿ ಕ್ವಾರಿ ಆಗದೆ ಉಳಿದಿರುವ ಬೆಟ್ಟದಿಂದ. ಅಲ್ಲಿ ಏನು ಬೆಳೆದಿದೆಯೋ ಅದೇ ನಿಮ್ಮ ಪಟ್ಟಿ. ಕರಡ, ಅಂಜನ ಹುಲ್ಲು, ಗರಿಕೆ ಇದ್ದೇ ಇರುತ್ತವೆ. ತೆನೆ ಬಲಿತು ಉದುರುವ ಮುಂಚೆ ಹುಲ್ಲು ಕೊಯ್ದು ಒಣಗಿಸಿ ಇಟ್ಟುಕೊಳ್ಳಿ. ಹೊಸ ಬೀಜ ಸಾಮಾನ್ಯವಾಗಿ ತಕ್ಷಣ ಮೊಳೆಯುವುದಿಲ್ಲ, ಕೆಲವು ತಿಂಗಳು ಒಣಗಿ ಕೂತಿರಬೇಕು. ಆಮೇಲೆ ತೆನೆ ಸಮೇತ ಹುಲ್ಲನ್ನೇ ನೆಲದ ಮೇಲೆ ಹರಡಿದರೆ ಬೀಜವೂ ಬೀಳುತ್ತದೆ, ನೆರಳೂ ಸಿಗುತ್ತದೆ.

ಯಾವಾಗ ಬಿತ್ತಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಮಂಡ್ಯ, ಮೈಸೂರಿನಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ನಡುವಿನ ಜುಲೈನಲ್ಲಿ ತುಂತುರು ಮತ್ತು ಗಾಳಿ, ಅಷ್ಟೇ. ವನಮಹೋತ್ಸವ ಬರುವುದು ಸರಿಯಾಗಿ ಆ ತಿಂಗಳಲ್ಲೇ ಅಲ್ವಾ? ಆಗಸ್ಟ್ ಕೊನೆಗೆ ಬಿತ್ತಿದರೆ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಬೇರು ಇಳಿಯುತ್ತದೆ.

ಎರಡನೇ ವರ್ಷ ತಂಗಡಿ, ಬಂದರೆ ಗಿಡ, ಕಾರೆ, ಕವಳೆಯಂಥ ಪೊದೆಗಳು ಬರಲಿ. ಮರ ಬೇಕೇ ಬೇಕು ಅಂದರೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿ, ಕಗ್ಗಲಿ ಸಾಕು. ನೀಲಗಿರಿ ದಯವಿಟ್ಟು ಬೇಡ. ಬಳ್ಳಾರಿ ಜಾಲಿ ತಾನಾಗೇ ಬಂದರೆ ಚಿಕ್ಕದಿರುವಾಗಲೇ ಬೇರು ಸಮೇತ ಕೀಳಿ.

ಬೇಲಿ ಹಾಕುವ ಮುಂಚೆ ಕುರಿ ಕಾಯುವವರ ಜೊತೆ ಕೂತು ಮಾತಾಡಿ, ಅವರನ್ನು ಹೊರಗಿಟ್ಟು ಮಾಡಿದ ಬೇಲಿ ಉಳಿಯುವುದಿಲ್ಲ. ಮೊದಲೆರಡು ವರ್ಷ ಕೊಯ್ದು ಒಯ್ಯಲಿ, ಮೇಯಿಸುವುದು ಬೇಡ. ಆಮೇಲೆ ಯಾವಾಗ ಬಿಡಬಹುದು ಅಂತ ನೋಡುವುದು ಸುಲಭ: ಒಂದು ಹಿಡಿ ಹುಲ್ಲು ಹಿಡಿದು ಜಗ್ಗಿ. ಬುಡ ಕಿತ್ತು ಬಂದರೆ ಇನ್ನೊಂದು ಮಳೆಗಾಲ ಕಾಯಿರಿ. ಎಲೆ ಮಾತ್ರ ಹರಿದು ಕೈಗೆ ಬಂದರೆ ಕುರಿ ಬಿಡಿ.