ನಾನು ಟೀಚರ್ ಅಲ್ಲ, ವಾರಕ್ಕೆ ಒಂದೇ ಗಂಟೆ ಬಿಡುವು: ಸರ್ಕಾರಿ ಶಾಲೆ ಮಕ್ಕಳಿಗೆ ಮೆಂಟರ್ ಆಗಬಹುದಾ?

ಪ್ರಶ್ನೆ: ನಾನು ಬಿ.ಕಾಂ ಓದಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದೇನೆ. ಮನೆ ಹತ್ತಿರದ ಸರ್ಕಾರಿ ಶಾಲೆ ಮಕ್ಕಳಿಗೆ ಏನಾದರೂ ಮಾಡಬೇಕು ಎಂಬ ಆಸೆ ಇದೆ. ಆದರೆ ಬಿ.ಎಡ್ ಮಾಡಿಲ್ಲ, ಶನಿವಾರ ಬಿಟ್ಟರೆ ಬಿಡುವೂ ಇಲ್ಲ. ವಾರಕ್ಕೆ ಒಂದು ಗಂಟೆ ಹೋದರೆ ನಿಜವಾಗಿ ಉಪಯೋಗ ಆಗುತ್ತದಾ? ಯಾರನ್ನು ಕೇಳಬೇಕು, ಹೇಗೆ ಶುರು ಮಾಡಬೇಕು?

ಖಂಡಿತ ಉಪಯೋಗ ಆಗುತ್ತದೆ. ಆದರೆ ಅದೇ ಗಂಟೆ, ಅದೇ ಮಕ್ಕಳು, ಶಾಲೆಯ ವರ್ಷ ಮುಗಿಯುವವರೆಗೂ. ಇಷ್ಟಕ್ಕೆ ನೀವು ಒಪ್ಪುವುದಾದರೆ ಬಿ.ಎಡ್ ಇಲ್ಲದಿರುವುದು ಅಡ್ಡಿಯೇ ಅಲ್ಲ. ಒಪ್ಪಲು ಆಗದಿದ್ದರೆ ದಯವಿಟ್ಟು ಶುರು ಮಾಡಬೇಡಿ. ಕಟುವಾಗಿ ಕೇಳಿಸಬಹುದು, ಆದರೂ ಮೊದಲೇ ಹೇಳುವುದು ಒಳ್ಳೆಯದು. ಜನವರಿ 26ಕ್ಕೆ ನೋಟ್‌ಬುಕ್ ಹಂಚಿ, ಫೋಟೋ ತೆಗೆಸಿಕೊಂಡು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ 'ದೊಡ್ಡವರಾದ ಮೇಲೆ ಏನಾಗ್ತೀರಾ' ಎಂದು ಕೇಳಿ, ಮತ್ತೆಂದೂ ಆ ಕಡೆ ಬರದವರನ್ನು ನಮ್ಮ ಶಾಲೆಗಳು ಬೇಕಾದಷ್ಟು ನೋಡಿವೆ. ಆರನೇ ಕ್ಲಾಸಿನ ಮಗುವಿಗೆ ಇದೆಲ್ಲ ಚೆನ್ನಾಗಿ ಗೊತ್ತಾಗುತ್ತದೆ. ಮುಂದೆ ಬರುವವರನ್ನೂ ಅದು ನಂಬುವುದಿಲ್ಲ.

ನೀವು ಮೇಷ್ಟ್ರ ಕೆಲಸ ಮಾಡಲು ಹೋಗುತ್ತಿಲ್ಲ. ಅವರಿಗೆ ತುಂಬಿದ ಕ್ಲಾಸು, ಮುಗಿಸಬೇಕಾದ ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಆಗಾಗ ಎಲೆಕ್ಷನ್ ಡ್ಯೂಟಿ. ಒಂದು ಮಗುವಿನ ಪಕ್ಕ ಪೂರ್ತಿ ಹದಿನೈದು ನಿಮಿಷ ಕೂರಲು ಅವರಿಗೆ ಆಗುವುದಿಲ್ಲ. ನಿಮಗೆ ಆಗುತ್ತದೆ. ಅದಕ್ಕೇ ಇಡೀ ಕ್ಲಾಸನ್ನು ಕೈಗೆ ತೆಗೆದುಕೊಳ್ಳಬೇಡಿ. ಎರಡೋ ಮೂರೋ ಮಕ್ಕಳು ಸಾಕು.

ಮೊದಲು ಹೆಡ್‌ಮಾಸ್ಟರ್ ಹತ್ತಿರ ಹೋಗಿ. ಒಂದು ಪುಟದ ಅರ್ಜಿ ಬರೆದುಕೊಳ್ಳಿ: ಹೆಸರು, ಕೆಲಸ, ವಿಳಾಸ, ಯಾವ ದಿನ, ಎಷ್ಟು ಹೊತ್ತು, ಯಾವ ತಿಂಗಳವರೆಗೆ. ಜೊತೆಗೆ ಗುರುತಿನ ಚೀಟಿಯ ಜೆರಾಕ್ಸ್. ಅವರು ವಿಷಯವನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮುಂದೆ ಇಡುತ್ತಾರೆ. ಅಲ್ಲಿ ಇರುವವರು ಹೆಚ್ಚಾಗಿ ಆ ಮಕ್ಕಳ ಅಪ್ಪ ಅಮ್ಮಂದಿರೇ. ಅವರಿಗೆ ನೀವು ಯಾರು, ಯಾಕೆ ಬರುತ್ತಿದ್ದೀರಿ ಎಂದು ಗೊತ್ತಿರಲೇಬೇಕು. ಸಭೆಗೆ ಕರೆದರೆ ತಪ್ಪದೆ ಹೋಗಿ. ಕೆಲವು ಕಡೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಅನುಮತಿ ತನ್ನಿ ಎನ್ನುತ್ತಾರೆ, ಆಗ ನಿಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರೆ ದಾರಿ ಹೇಳುತ್ತಾರೆ. ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ ಕೂಡ ಇದೆ. ಅದರ ಈಗಿನ ರೂಪ 2021ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಶಾಲೆಗಳು ತಮಗೆ ಏನು ಬೇಕು ಎಂದು ಅಲ್ಲಿ ಹಾಕುತ್ತವೆ, ಸ್ವಯಂಸೇವಕರು ಆರಿಸಿಕೊಳ್ಳುತ್ತಾರೆ. ಅಲ್ಲಿ ಹೆಸರು ನೋಂದಾಯಿಸಿದ್ದರೆ ಹೆಡ್‌ಮಾಸ್ಟರ್‌ಗೂ ಒಂದು ದಾಖಲೆ ಸಿಕ್ಕಂತೆ. ಆದರೂ ಪೋರ್ಟಲ್ ನಂಬಿ ಮನೆಯಲ್ಲಿ ಕೂರಬೇಡಿ, ಮುಖ ತೋರಿಸಿ ಬನ್ನಿ.

ಶಾಲೆಯವರು ಹಿಂಜರಿದರೆ ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳ ಹೊಣೆ ಹೊತ್ತವರು ಹಿಂಜರಿಯಲೇಬೇಕು. ಹಳ್ಳಿಯಾದರೆ ಇನ್ನೊಂದು ದಾರಿ ಇದೆ. ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು ಈಗ 'ಅರಿವು ಕೇಂದ್ರ' ಎನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಪುಸ್ತಕ ಇರುತ್ತದೆ, ಜನ ಬಂದು ಹೋಗುತ್ತಿರುತ್ತಾರೆ, ಬಾಗಿಲು ತೆರೆದಿರುತ್ತದೆ. ವಾರಕ್ಕೊಮ್ಮೆ ಮಕ್ಕಳ ಜೊತೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಯಾವ ಕ್ಲಾಸು? ನನ್ನನ್ನು ಕೇಳಿದರೆ 4ರಿಂದ 7. ಚಿಕ್ಕ ಮಕ್ಕಳದು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ, ಅದರ ಕ್ರಮವೇ ಬೇರೆ. ಅಲ್ಲಿ ಅಕ್ಷರ ಶುರುವಾಗುವುದು 'ಅ ಆ ಇ ಈ' ಇಂದ ಅಲ್ಲ, 'ರ ಗ ಸ ದ ಅ' ಇಂದ. ಅಷ್ಟು ಕಲಿತ ಕೂಡಲೇ ಮಗು ಸರ, ದರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಇದು ಗೊತ್ತಿಲ್ಲದ ಹೊರಗಿನವರು ಹೋಗಿ ವರ್ಣಮಾಲೆ ಬಾಯಿಪಾಠ ಮಾಡಿಸಲು ಕೂತರೆ ಮಗುವಿಗೆ ಗೊಂದಲ, ಟೀಚರ್‌ಗೆ ಕಿರಿಕಿರಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನೇ ಕೊಟ್ಟರೆ ಟೀಚರ್ ಹತ್ತಿರ ನಲಿ-ಕಲಿ ಕಾರ್ಡುಗಳನ್ನು ಕೇಳಿ ನೋಡಿಕೊಳ್ಳಿ.

ಮೊದಲ ದಿನ ಪಠ್ಯಪುಸ್ತಕ ತೆಗೆಯಬೇಡಿ. ಐದನೇ ಕ್ಲಾಸಿನಲ್ಲಿ ಇದೆ ಎಂದ ಮಾತ್ರಕ್ಕೆ ಮಗು ಐದನೇ ಕ್ಲಾಸಿನ ಪುಸ್ತಕ ಓದುತ್ತದೆ ಎಂದಲ್ಲ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಎಂದು ನೋಡಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಬಳಸುವ ಕ್ರಮ ತುಂಬಾ ಸರಳ: ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಪುಟ್ಟ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ. ಒಂದೊಂದನ್ನೇ ಓದಿಸಿ, ಎಲ್ಲಿ ನಿಲ್ಲುತ್ತದೆ ನೋಡಿ. ಆ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ಸ್ವಲ್ಪ ಆಚೆ ಚಿತ್ರ ಬರೆಯಲು ಕೊಡಿ, ಗೆಳೆಯರ ಮುಂದೆ ತಡವರಿಸುವ ಪರಿಸ್ಥಿತಿ ಯಾವ ಮಗುವಿಗೂ ಬೇಡ. ಎಷ್ಟು ಬರುತ್ತದೆ ಎಂದು ಬರೆದುಕೊಳ್ಳಿ, 'ವೀಕ್' ಎಂದು ಮಾತ್ರ ಬರೆಯಬೇಡಿ.

ತುಂಬಾ ಮಕ್ಕಳು ನಿಲ್ಲುವುದು ಒತ್ತಕ್ಷರದಲ್ಲಿ. ಅಕ್ಷರ ಬರುತ್ತದೆ, ಕಾಗುಣಿತವೂ ಹೇಗೋ ಬರುತ್ತದೆ, ಆದರೆ 'ಅಕ್ಕ', 'ಹಳ್ಳಿ' ದಾಟಿ 'ವಿಜ್ಞಾನ', 'ಪುಸ್ತಕ' ಬಂದ ಕೂಡಲೇ ಊಹೆ ಶುರು. ಅರ್ಕಾವತ್ತು ಇನ್ನೂ ಕಷ್ಟ. 'ಕರ್ನಾಟಕ' ಎನ್ನುವ ಪದವನ್ನೇ ನೋಡಿ: ಆ ಗುರುತು ಇರುವುದು 'ನಾ' ಆದ ಮೇಲೆ, ಆದರೆ ಓದಬೇಕಾದದ್ದು ಅದಕ್ಕಿಂತ ಮೊದಲು. ಯಾರೂ ಬಿಡಿಸಿ ಹೇಳದೆ ಇದು ಹೊಳೆಯುವುದು ಹೇಗೆ? ವಾರಕ್ಕೆ ಒಂದೊಂದೇ ಒತ್ತು ತೆಗೆದುಕೊಂಡು, ಅದು ಬರುವ ಪದಗಳನ್ನು ಬಸ್ ಬೋರ್ಡಿನಲ್ಲಿ, ಬಿಸ್ಕತ್ ಪ್ಯಾಕೆಟ್ಟಿನಲ್ಲಿ, ಪೇಪರಿನಲ್ಲಿ ಹುಡುಕಿಸಿ. ಮಿಕ್ಕ ಹೊತ್ತು ಕಥೆ ಓದಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಪುಸ್ತಕವನ್ನು ಮಗುವೇ ಆರಿಸಲಿ. ಒಂದು ಪುಟ ನೀವು ಓದಿ, ಒಂದು ಪುಟ ಅದು ಓದಲಿ. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಮಾತಾಡುವ ಮಕ್ಕಳು ಇರುತ್ತಾರೆ, ಕಥೆ ಮುಗಿದ ಮೇಲೆ ಅದನ್ನು ಅವರ ಮನೆಮಾತಿನಲ್ಲಿ ಹೇಳಲು ಬಿಡಿ. ಅರ್ಥ ಆಗಿದೆಯೋ ಇಲ್ಲವೋ ಆಗ ಸರಿಯಾಗಿ ಗೊತ್ತಾಗುತ್ತದೆ.

ಲೆಕ್ಕದಲ್ಲಿ ನಿಮಗೆ ಕೈ ಪಳಗಿದೆಯಲ್ಲ, ಕಿರಾಣಿ ಅಂಗಡಿ ಚೀಟಿ ತೆಗೆದುಕೊಂಡು ಹೋಗಿ. ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ ಇವೆರಡರಲ್ಲಿ ಮಕ್ಕಳು ಸಿಕ್ಕಿಕೊಳ್ಳುವುದು ಜಾಸ್ತಿ. ಐನೂರು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು ಎಂದು ಕೇಳಿ, ಬಾಯಲ್ಲಿ ಥಟ್ಟನೆ ಹೇಳುವ ಮಗು ಅದನ್ನೇ ನೋಟ್‌ಬುಕ್ಕಿನಲ್ಲಿ ತಪ್ಪು ಮಾಡುತ್ತದೆ. ಬಾಯಲ್ಲಿ ಮಾಡಿದ್ದನ್ನೇ ಹಾಳೆ ಮೇಲೆ ಇಳಿಸಲು ಕಲಿಸುವುದು ನಿಮ್ಮ ಕೆಲಸ.

ಎಂಟನೇ ಕ್ಲಾಸು ದಾಟಿದವರಿಗೆ ಪಾಠಕ್ಕಿಂತ ಮಾಹಿತಿ ಮುಖ್ಯ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳು ಬರೆಯಬಹುದು, ಮನೆಯ ವಾರ್ಷಿಕ ಆದಾಯ 3.5 ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಒಂದು ಪತ್ರಿಕೆ ಪೂರ್ತಿ ಬುದ್ಧಿಗೆ ಕೆಲಸ ಕೊಡುವ ಪ್ರಶ್ನೆಗಳು, ಶಾಲೆ ಪುಸ್ತಕದಲ್ಲಿ ಅಂಥವು ಕಡಿಮೆ. ಹಳೆ ಪತ್ರಿಕೆ ಹಿಡಿದು ವಾರವಾರ ಅಭ್ಯಾಸ ಮಾಡಿಸಿದರೆ ಮಕ್ಕಳಿಗೆ ತುಂಬಾ ಸಹಾಯ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಒಂದೇ ಅಲ್ಲ, ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ ಎಂದು ಮನೆಯಲ್ಲಿ ಮೊದಲ ಸಲ ಹೈಸ್ಕೂಲು ಮುಟ್ಟಿದ ಮಗುವಿಗೆ ಹೇಳುವವರು ಬೇಕು. ಅರ್ಜಿ ಯಾವಾಗ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲಿ ಎಂದು ಹೇಳುವವರೂ ಬೇಕು. ಅಪ್ಪ ಅಮ್ಮ ಬರುವಾಗ ನೀವೂ ಜೊತೆಗೆ ಕೂತು ಮಾತಾಡಿ.

ಇನ್ನು ಮಕ್ಕಳ ಸುರಕ್ಷತೆ. ಇದರಲ್ಲಿ ರಾಜಿಯೇ ಇಲ್ಲ. ಶಾಲೆಯ ಆವರಣ ಬಿಟ್ಟು ಎಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ನಿಮ್ಮ ಮನೆಗೂ ಬೇಡ, ಬೈಕಿನಲ್ಲಿ ಬಿಟ್ಟು ಬರುವುದೂ ಬೇಡ. ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ, ವರಾಂಡದಲ್ಲಿ, ಎಲ್ಲರಿಗೂ ಕಾಣುವಂತೆ ಕೂರಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೋಗುವುದಾದರೆ ಒಬ್ಬ ಟೀಚರ್ ಇರುವಂತೆ ಮೊದಲೇ ಮಾತಾಡಿಕೊಳ್ಳಿ. ಫೋನ್ ಮಾಡಬೇಕಾದರೆ ಪೋಷಕರಿಗೆ ಮಾಡಿ. ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಹೊಡೆಯುವುದು, ಹೀಯಾಳಿಸುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಕೆಲವು ತಿಂಗಳಾದ ಮೇಲೆ ಮಗು ನಿಮ್ಮನ್ನು ನಂಬಿ ಏನಾದರೂ ಹೇಳಬಹುದು. ಮನೆಯಲ್ಲಿ ಹೊಡೆತ, ಶಾಲೆ ಬಿಡಿಸುವ ಮಾತು, ಮದುವೆ ಮಾತು, ಯಾರೋ ಮುಟ್ಟಬಾರದ ಹಾಗೆ ಮುಟ್ಟಿದ್ದು. ಗಾಬರಿಯಾಗದೆ ಕೇಳಿಸಿಕೊಳ್ಳಿ. ಕೆದಕಿ ಕೆದಕಿ ಪ್ರಶ್ನೆ ಕೇಳಬೇಡಿ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಹೆಡ್‌ಮಾಸ್ಟರ್‌ಗೆ ಹೇಳಿದ್ದೇನಲ್ಲ ಎಂದು ಸುಮ್ಮನಾಗುವಂತಿಲ್ಲ.

ಊರಿಂದ ದೂರ ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಇ-ವಿದ್ಯಾಲೋಕದಂಥ ಸಂಸ್ಥೆಗಳು ಹಳ್ಳಿ ಶಾಲೆಗಳಿಗೆ ಆನ್‌ಲೈನ್ ಮೂಲಕ ಪಾಠ ಹೇಳುವವರನ್ನು ಸೇರಿಸಿಕೊಳ್ಳುತ್ತವೆ. ಬೆಂಗಳೂರಿನ ಮೆಂಟರ್ ಟುಗೆದರ್ ಒಬ್ಬರಿಗೆ ಒಬ್ಬರಂತೆ ಜೋಡಿಸುತ್ತದೆ. ನಿಮಗೆ ಶಾಲೆ ಹತ್ತಿರವೇ ಇದೆ, ನಡೆದು ಹೋಗಿ.

ಯಾವಾಗ ಶುರು ಮಾಡುವುದು? ಜೂನ್ ಮೊದಲ ವಾರಗಳಲ್ಲಿ ದಾಖಲಾತಿ, ಪುಸ್ತಕ ಹಂಚಿಕೆಯ ಗಡಿಬಿಡಿ ಇರುತ್ತದೆ. ತಿಂಗಳ ಕೊನೆಗೆ ಹೋದರೆ ಹೆಡ್‌ಮಾಸ್ಟರ್‌ಗೆ ಕೂತು ಮಾತಾಡಲು ಪುರಸೊತ್ತು ಸಿಗುತ್ತದೆ. ಅದು ತಪ್ಪಿದರೆ ದಸರಾ ರಜೆ ಮುಗಿದ ಮೇಲೆ. ಬರಲಾಗದ ವಾರ ಇದ್ದರೆ ಹಿಂದಿನ ಶನಿವಾರವೇ ಮಕ್ಕಳಿಗೆ ಹೇಳಿ. ವರ್ಗಾವಣೆಯೋ ಬೇರೆ ಕೆಲಸವೋ ಬಂದು ನಿಲ್ಲಿಸಬೇಕಾದರೆ ಒಂದು ತಿಂಗಳು ಮುಂಚೆ ಹೇಳಿ, ಮಕ್ಕಳು ಎಲ್ಲಿಂದ ಎಲ್ಲಿಗೆ ಬಂದಿದ್ದಾರೆ ಎಂದು ಬರೆದಿಟ್ಟ ನೋಟ್‌ಬುಕ್ಕನ್ನು ಕ್ಲಾಸ್ ಟೀಚರ್ ಕೈಗೆ ಕೊಟ್ಟು ಬನ್ನಿ.