ಕೊಟ್ಟಿಗೆಯಲ್ಲಿ ನಿಂತ ಹಳೇ ಮಾರುತಿ ವ್ಯಾನ್ ತಗೋಬಹುದಾ?

ಓದುಗರ ಪ್ರಶ್ನೆ: ನಮ್ಮೂರಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ 1986ರ ಮಾರುತಿ ವ್ಯಾನ್ ನಿಂತಿದೆ. ಹತ್ತು ವರ್ಷದಿಂದ ಓಡಿಸಿಲ್ಲ. ಬ್ಯಾಟರಿ ಹಾಕಿದ್ರೆ ಸ್ಟಾರ್ಟ್ ಆಗುತ್ತೆ, ಎಂಜಿನ್ ಗಟ್ಟಿ ಇದೆ ಅಂತಾರೆ. ಅದನ್ನು ಮತ್ತೆ ಹಳೇ ರೂಪಕ್ಕೆ ತರುವ ಆಸೆ ನನಗೆ. ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಎಂಜಿನ್ ಮಾತನ್ನೇ ಮೊದಲು ಎತ್ತುತ್ತಾರೆ. ಮಾರುವವರೂ ಅಷ್ಟೇ. ನಾನು ಹೇಳೋದು ಉಲ್ಟಾ. ಎಂಜಿನ್ ಜಾಮ್ ಆಗಿ ಕೂತಿದ್ದರೂ ಪರವಾಗಿಲ್ಲ, ಮೊದಲು ತಗಡು ನೋಡಿ.

ಯಾಕೆ ಅಂದ್ರೆ, ಈ ವ್ಯಾನ್ 1984ರ ಕೊನೆಗೆ ಬಂತು, ಆಮೇಲೆ ಓಮ್ನಿ ಅಂತ ಹೆಸರು ಪಡೆಯಿತು, 2019ರವರೆಗೂ ತಯಾರಾಗುತ್ತಲೇ ಇತ್ತು. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮಾರುತಿ 800ರ ಮನೆತನದ್ದೇ. ಹಾಗಾಗಿ ರಿಂಗ್, ಪಿಸ್ಟನ್, ಗ್ಯಾಸ್ಕೆಟ್‌ಗೆ ಪರದಾಡಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನಾದರೂ ದಾರಿ ಸಿಗುತ್ತದೆ. ಇಡೀ ಎಂಜಿನ್ ಬೇಕಂದ್ರೆ ಗುಜರಿಯವರನ್ನು ಕೇಳಿ. ಇದನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಕೂಡ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ತಗಡಿನ ಕೆಲಸ ಹಾಗಲ್ಲ. ತುಕ್ಕು ತಿಂದ ಜಾಗ ಕತ್ತರಿಸಿ, ಅದೇ ಆಕಾರಕ್ಕೆ ಹೊಸ ತಗಡು ಬಗ್ಗಿಸಿ, ವೆಲ್ಡ್ ಮಾಡಿ ನುಣ್ಣಗೆ ಉಜ್ಜುವ ಒಳ್ಳೆ ಟಿಂಕರ್ ಸಿಗೋದೇ ಕಷ್ಟ. ಸಿಕ್ಕರೂ ದಿನಗಟ್ಟಲೆ ಕೂಲಿ.

ನಾನು ಮೊದಲ ವ್ಯಾನ್ ತಗೊಂಡಾಗ ಇದೆಲ್ಲ ಗೊತ್ತಿರಲಿಲ್ಲ. ಬಿಳಿ ಬಣ್ಣ, ಹೊಸ ಪೇಂಟ್, ಫಳಫಳ ಹೊಳೆಯುತ್ತಿತ್ತು. ಮನೆಗೆ ತಂದು ತೊಳೆಯುವಾಗ ಹಿಂದಿನ ಚಕ್ರದ ಮೇಲಿನ ಕಮಾನಿನಲ್ಲಿ ಕಡಲೆಕಾಳಿನಷ್ಟು ಪೇಂಟ್ ಉಬ್ಬಿದ್ದು ಕಾಣಿಸಿತು. ಸ್ಕ್ರೂಡ್ರೈವರ್‌ನಿಂದ ಸುಮ್ನೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು! ಎಬ್ಬಿದರೆ ತೂತು ಮುಚ್ಚಲು ಮೆತ್ತಿದ್ದ ಅಕ್ಕಿ ರೊಟ್ಟಿ ದಪ್ಪದ ಪುಟ್ಟಿ ಒಂದೇ ತುಂಡಾಗಿ ಕಳಚಿ ಬಂತು, ಅದರ ಹಿಂದೆ ಉಂಡೆ ಮಾಡಿ ತುರುಕಿದ್ದ ನ್ಯೂಸ್‌ಪೇಪರ್, ಅದರಲ್ಲಿ ಸೀರೆ ಸೇಲ್‌ನ ಜಾಹೀರಾತು ಇನ್ನೂ ಓದಲು ಬರುತ್ತಿತ್ತು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ. ಕೈ ಸುಟ್ಟುಕೊಂಡ ಮೇಲೆ ಈಗ ಹೊಸ ಪೇಂಟ್ ಕಂಡರೇ ನನಗೆ ಅನುಮಾನ. ಬಣ್ಣ ಮಾಸಿ, ಗೀರು ಬಿದ್ದು, ಇದ್ದದ್ದು ಇದ್ದಂಗೆ ಕಾಣುವ ಗಾಡಿಯೇ ವಾಸಿ.

ಅದಕ್ಕೆ ಒಂದು ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಕಿತ್ತು, ಬನಿಯನ್ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಬಾಡಿ ಮೇಲೆ ಆಡಿಸುತ್ತಾ ಬನ್ನಿ. ಒಳ್ಳೆ ತಗಡಿದ್ದಲ್ಲಿ ಗಬಕ್ಕನೆ ಅಂಟುತ್ತದೆ, ಪುಟ್ಟಿ ಇದ್ದಲ್ಲಿ ಜಾರುತ್ತದೆ. ಚಕ್ರದ ಕಮಾನುಗಳು, ಜಾರುವ ಬಾಗಿಲಿನ ಕೆಳ ಅಂಚು, ಹಿಂದಿನ ಡಿಕ್ಕಿ ಬಾಗಿಲಿನ ತಳ, ಮುಂದಿನ ಗಾಜಿನ ರಬ್ಬರ್ ಸುತ್ತ, ಇಲ್ಲೆಲ್ಲ ನಿಧಾನಕ್ಕೆ ನೋಡಿ. ಜಾರುವ ಬಾಗಿಲಿನ ಕೆಳಗಿನ ಹಳಿಯಲ್ಲಿ ಮಣ್ಣು, ನೀರು ಸೇರಿ ವರ್ಷಗಟ್ಟಲೆ ಕೂತಿರುತ್ತದೆ. ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ. ಕಡೆಯಲ್ಲಿ ಎತ್ತಿ ತಳ್ಳಬೇಕಾದರೆ ರೋಲರ್ ಸವೆದಿರಬಹುದು, ಅದು ಚಿಲ್ಲರೆ ಕೆಲಸ. ಆದರೆ ಹಳಿ ಹಿಡಿದಿರುವ ತಗಡೇ ಕುಸಿದಿದ್ದರೆ ಚಿಲ್ಲರೆ ಅಲ್ಲ.

ಆಮೇಲೆ ಮ್ಯಾಟ್ ಎತ್ತಿ. ಮಾರುವವರು ‘ಅದೆಲ್ಲ ಯಾಕೆ ಸಾರ್’ ಅಂದ್ರೂ ಎತ್ತಿ. ಕೆಳಗೆ ನೆಲ ಕಾಣಿಸಿದರೆ, ಅಂದ್ರೆ ಕೊಟ್ಟಿಗೆಯ ನೆಲ ಕಾಣಿಸಿದರೆ, ರೇಟ್ ಅಲ್ಲೇ ಅರ್ಧ ಇಳಿಸಬಹುದು. ಒಂದು ಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಗಾಡಿಯ ಅಡಿಗೂ ನುಸುಳಿ. ಜಾಕ್ ಕೊಟ್ಟು ಎತ್ತಿದ್ದರೆ ಅದರ ಮೇಲೆ ಭರವಸೆ ಇಟ್ಟು ಒಳಗೆ ಹೋಗಬೇಡಿ, ಚಕ್ರ ನೆಲದ ಮೇಲಿರುವಾಗಲೇ ನೋಡಿ. ಹಿಂದುಗಡೆ ಪಟ್ಟಾ ಸ್ಪ್ರಿಂಗ್ ಇದೆಯಲ್ಲ, ಅದರ ಎರಡು ತುದಿ ಬಾಡಿಗೆ ಸೇರುವ ಜಾಗವೇ ಮುಖ್ಯ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಟಣ್ ಅನ್ನಬೇಕು. ಪೊಟ್ಟು ಸದ್ದು ಬಂದು ಪದರ ಪದರವಾಗಿ ಉದುರಿದರೆ, ನಾನಾದರೆ ಬಟ್ಟೆ ಕೊಡವಿಕೊಂಡು ವಾಪಸ್ ಬರುತ್ತೇನೆ.

ಗಾಡಿ ಯಾವ ಊರಲ್ಲಿ ಬಾಳಿದೆ ಅನ್ನೋದನ್ನೂ ಕೇಳಿ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿ. ಮಲೆನಾಡಲ್ಲಿ ತಿಂಗಳುಗಟ್ಟಲೆ ಒದ್ದೆ. ಚಿತ್ರದುರ್ಗ, ರಾಯಚೂರು ಕಡೆಯ ವ್ಯಾನಿನಲ್ಲಿ ಬಿಸಿಲಿಗೆ ರಬ್ಬರ್, ಡ್ಯಾಶ್‌ಬೋರ್ಡ್ ಎಲ್ಲ ಸೀಳಿರಬಹುದು, ಆದರೆ ತಗಡು ಗಟ್ಟಿ ಇರುವ ಸಾಧ್ಯತೆ ಜಾಸ್ತಿ. ಕೊಟ್ಟಿಗೆ ಅಂದಿರಿ. ಗಾಡಿ ಸಿಮೆಂಟ್ ನೆಲದ ಮೇಲಿದೆಯಾ, ಸಗಣಿ ಗಂಜಲದ ಮಣ್ಣಿನ ಮೇಲಾ? ಎರಡನೆಯದಾದರೆ ಅಡಿಭಾಗದ ಪಾಡು ಹೇಳಬೇಕಾಗಿಲ್ಲ.

ಇನ್ನು ಎಂಜಿನ್. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ತೋರಿಸ್ತೀವಿ ಅಂದ್ರೆ ಬೇಡ ಅನ್ನಿ. ಹತ್ತು ವರ್ಷ ನಿಂತ ಎಂಜಿನ್‌ನ ಸಿಲಿಂಡರ್ ಒಣಗಿರುತ್ತದೆ, ಟ್ಯಾಂಕಿನ ಪೆಟ್ರೋಲ್ ಅಂಟಾಗಿರುತ್ತದೆ, ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿರುತ್ತದೆ. ಸೀಟ್ ಎತ್ತಿದರೆ ಎಂಜಿನ್ ಅಲ್ಲೇ ಕೆಳಗಿದೆ. ಪ್ಲಗ್ ಬಿಚ್ಚಿ, ಮೂರಕ್ಕೂ ಸ್ವಲ್ಪ ಎಣ್ಣೆ ಬಿಟ್ಟು, ಎಂಜಿನ್ ತಿರುಗಿಸುವ ಕ್ರ್ಯಾಂಕ್‌ನ ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿ. ತಿರುಗಿದರೆ ಸಂತೋಷ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿಯಂಥ ಕೆನೆ ಕಂಡರೆ ನೀರು ಸೇರಿರಬಹುದು, ಹೆಡ್ ಬಿಚ್ಚುವ ಖರ್ಚು ಲೆಕ್ಕಕ್ಕೆ ತಗೊಳ್ಳಿ. ಆಗಲೇ ಓಡುತ್ತಿರುವ ಗಾಡಿಯಾದರೆ ಅದೇ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬರುತ್ತದಾ ನೋಡಬೇಕು, ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಅನ್ನೋದು ಅದಕ್ಕೇ, ಹಾಗಿದ್ದರೆ ರಿಂಗ್ ಸವೆದಿರಬಹುದು. ಬ್ರೇಕ್ ಸಿಲಿಂಡರ್, ಹೋಸ್‌ಗಳು ಹೇಗೂ ಹೊಸದು ಬೇಕು. ವೈರಿಂಗ್ ಇಲಿ ತಿಂದಿರುತ್ತದೆ ಅಂತಲೇ ಅಂದುಕೊಳ್ಳಿ.

ಹಳೇ ರೂಪಕ್ಕೆ ತರಬೇಕು ಅಂದ್ರಲ್ಲ, ಹಾಗಾದರೆ ಏನು ಕಾಣೆಯಾಗಿದೆ ಅನ್ನೋದನ್ನು ಬರೆದುಕೊಳ್ಳಿ. ಆ ಕಾಲದ ಗ್ರಿಲ್, ಹಿಂಬದಿಯ ಹೆಸರಿನ ಬ್ಯಾಡ್ಜ್, ಸೀಟಿನ ಬಟ್ಟೆ, ಮೀಟರ್. ಎಂಜಿನ್ ಒಂದೇ ದಿನದಲ್ಲಿ ಸಿಕ್ಕೀತು, ಒಡೆಯದ ಹಳೇ ಗ್ರಿಲ್‌ಗೆ ವರ್ಷ ಅಲೆಯಬೇಕು.

ಕಾಗದಪತ್ರ ಕೊನೆಗೆ ಬರೆಯುತ್ತಿದ್ದೇನೆ, ಆದರೆ ಮ್ಯಾಗ್ನೆಟ್ ಹೊರಗೆ ತೆಗೆಯುವ ಮುಂಚೆ ಇದನ್ನೇ ನೋಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. 15 ವರ್ಷದ ನಂತರ ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಿದ್ದಾರಾ ಕೇಳಿ. ಬಹುಶಃ ಇಲ್ಲ. 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀಸನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ತಡವಾಗಿದ್ದಕ್ಕೆ ದಂಡ ಬೇರೆ. ಆರ್‌ಸಿ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಮಕ್ಕಳ ಹೆಸರಿಗೆ ಬರಲಿ, ಆಮೇಲೆ ನಿಮ್ಮ ಹೆಸರಿಗೆ. ಗ್ಯಾಸ್ ಕಿಟ್ ಹಾಕಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಿ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸೋಣ ಅನ್ನುವ ಲೆಕ್ಕ ಇದ್ದರೆ ಬಿಟ್ಟುಬಿಡಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು, ನಿಮ್ಮ ವ್ಯಾನ್ 2036ರವರೆಗೆ ಕಾಯಬೇಕು.

ಇಷ್ಟೆಲ್ಲ ನೋಡಿ ತಗಡು ಗಟ್ಟಿ, ಕಾಗದ ಸರಿ ಅನ್ನಿಸಿದರೆ ತಗೊಳ್ಳಿ. ರೇಟ್ ಮಾತಾಡುವ ಮುಂಚೆ ಫೋಟೋಗಳನ್ನು ನಿಮ್ಮೂರಿನ ಟಿಂಕರ್‌ಗೆ ತೋರಿಸಿ ಖರ್ಚು ಕೇಳಿ, ಅವರು ಹೇಳಿದ್ದಕ್ಕೆ ಅರ್ಧ ಸೇರಿಸಿಕೊಳ್ಳಿ. ಮನೆಗೆ ತರುವಾಗ ಹಗ್ಗ ಕಟ್ಟಿ ಎಳೆಸಬೇಡಿ, ಬ್ರೇಕ್ ಇರೋದಿಲ್ಲ. ಟೆಂಪೋ ಮೇಲೆ ಹಾಕಿಸಿಕೊಂಡು ಬನ್ನಿ.