ವಾಲಿಯಿಂದ ಆರ್ಯವರ್ಧನನವರೆಗೆ: ನಮ್ಮ ಕಡೆಯ ಧಾರಾವಾಹಿ ವಾದಗಳ ಹಿಂದಿನ ಕಥೆ

ಕಳೆದ ಅಡಿಕೆ ಸುಗ್ಗಿಯ ಒಂದು ರಾತ್ರಿ. ಶಿರಸಿ ಹತ್ತಿರದ ನಮ್ಮ ಮನೆ ಜಗುಲಿಯಲ್ಲಿ ಎಂಟು ಹೆಂಗಸರು ಹಸಿ ಅಡಿಕೆ ಸುಲಿಯುತ್ತ ಕೂತಿದ್ದರು. ಗೋಡೆಯ ಟಿವಿಯಲ್ಲಿ ಧಾರಾವಾಹಿ. ನಾಯಕಿ ಕಾರು ಸಮೇತ ಕಂದಕಕ್ಕೆ ಬಿದ್ದಳು. ಯಾರ ಕೈಯೂ ನಿಲ್ಲಲಿಲ್ಲ. "ಅದು ಸತ್ತಿದ್ದಿಲ್ಲೆ ಮಾರಾಯ್ತಿ, ಬತ್ತು ನೋಡ್ತಿರು" ಎಂದರು ದೊಡ್ಡಾಯಿ. ಪಕ್ಕದ ಮನೆಯವರು ಒಪ್ಪಲಿಲ್ಲ. ಆ ನಟಿಗೆ ಸಿನಿಮಾ ಸಿಕ್ಕಿದೆಯಂತೆ, ಅದಕ್ಕೇ ಪಾತ್ರ ಮುಗಿಸಿದ್ದಾರೆ ಎಂದರು. ಮೂರನೆಯವರ ತಕರಾರು ಬೇರೆಯೇ. ಗಂಡ ಮೊದಲು ಇಷ್ಟು ಕೆಟ್ಟವನಾಗಿರಲಿಲ್ಲ, ಈಗ ಒಮ್ಮೆಲೇ ಹೆಂಡತಿಯ ಕಾರಿನ ಬ್ರೇಕ್ ಕೀಳಿಸುವವನಾದದ್ದು ಹೇಗೆ ಅಂತ. ಹನ್ನೊಂದು ಗಂಟೆಗೆ ಅಡಿಕೆ ಮುಗಿಯಿತು. ಮಾತು ಮುಗಿಯಲಿಲ್ಲ.

ಅಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಮುಂದೇನಾಗುತ್ತದೆ? ಕಥೆ ಮಾಡುವವರು ಹೀಗೇಕೆ ಮಾಡಿದರು? ಆ ಪಾತ್ರ ಮಾಡಿದ್ದು ಸರಿಯಾ? ಈಗ ಧಾರಾವಾಹಿ ಬಗ್ಗೆ ಯಾರು ಮಾತಾಡಿದರೂ ಈ ಮೂರೂ ಕಲಸಿಹೋಗುತ್ತವೆ. ಮೊದಲು ಹೀಗಿರಲಿಲ್ಲ.

ಪಾತ್ರಗಳ ಬಗ್ಗೆ ವಾದ ಮಾಡುವುದು ಉತ್ತರ ಕನ್ನಡಕ್ಕೆ ಟಿವಿ ಕಲಿಸಿದ ಚಟವಲ್ಲ. ಇದು ತಾಳಮದ್ದಳೆಯ ನಾಡು. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ತಮ್ಮ ತಮ್ಮ ಪಾತ್ರದ ಪರ ಮಾತಾಡುತ್ತಾರೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನೆ ಮಾಡುವಾಗ ಮಳೆಗಾಲದ ರಾತ್ರಿಯಲ್ಲೂ ಜನ ಎದ್ದು ಹೋಗುವುದಿಲ್ಲ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಅವತ್ತು ವಾಲಿಯೇ ಗೆದ್ದ ಅಂತ ಬೆಳಿಗ್ಗೆ ಚಾದಂಗಡಿಯಲ್ಲಿ ತೀರ್ಪಾಗುತ್ತದೆ. ಆದರೆ ವಾಲಿ ಸಾಯಲೇಬೇಕು. ಪದ್ಯ ಮೀರುವ ಹಾಗಿಲ್ಲ. ಕೊನೆ ಎಲ್ಲರಿಗೂ ಗೊತ್ತಿದ್ದ ಕಾರಣ ವಾದವೆಲ್ಲ ಸರಿ ತಪ್ಪಿನ ಸುತ್ತಲೇ ಇರುತ್ತಿತ್ತು.

1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗಲೂ, ಮರುವರ್ಷ ಮಹಾಭಾರತ ಶುರುವಾದಾಗಲೂ ಇದೇ ಮುಂದುವರಿಯಿತು. ಭಾಷೆ ಹಿಂದಿ, ಕಥೆ ನಮ್ಮದೇ. ಊರಿಗೊಂದೆರಡು ಟಿವಿ. ಭಾನುವಾರ ನೋಡಿದರೆ ಶನಿವಾರದವರೆಗೂ ಮಾತಾಡಬಹುದಿತ್ತು.

1998ರಲ್ಲಿ ಕನ್ನಡ ದೂರದರ್ಶನದಲ್ಲಿ 'ಮಾಯಾಮೃಗ' ಧಾರಾವಾಹಿ ಬಂದ ಮೇಲೆ ಆಟ ಬದಲಾಯಿತು. ಟಿ. ಎನ್. ಸೀತಾರಾಂ ಮತ್ತು ಅವರ ಜೊತೆಗಾರರು ಕಟ್ಟಿದ ಆ ಕಥೆಯಲ್ಲಿದ್ದವರು ನಮ್ಮ ನಿಮ್ಮಂಥ ಮಧ್ಯಮ ವರ್ಗದವರು. ಕೊನೆ ಏನಂತ ಯಾರಿಗೂ ಗೊತ್ತಿರಲಿಲ್ಲ. 'ಹೀಗೆ ಮಾಡಿದ್ದು ಸರಿಯಾ' ಜೊತೆಗೆ 'ಮುಂದೇನು ಮಾಡಬಹುದು' ಅನ್ನುವುದೂ ಸೇರಿಕೊಂಡಿತು. ಮುಂದೆ 'ಮುಕ್ತ' ಧಾರಾವಾಹಿಯಲ್ಲಿ ಸೀತಾರಾಂ ತಾವೇ ವಕೀಲ ಸಿಎಸ್‌ಪಿ ಆಗಿ ಕೋರ್ಟಿನಲ್ಲಿ ವಾದಿಸಲು ನಿಂತಾಗ ನಮ್ಮ ಕಡೆ ಗಂಡಸರೂ ಕುರ್ಚಿ ಎಳೆದುಕೊಂಡು ಕೂತರು. ತಾಳಮದ್ದಳೆ ಕೇಳಿ ಪಳಗಿದ ಕಿವಿಗೆ ಆ ಪಾಟೀಸವಾಲು ಹೊಸದೇನಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಅದರ ನಂತರದ ಕಾಲ. ಉದಯ ಟಿವಿ 1994ರಲ್ಲೇ ಬಂದಿತ್ತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ಆದರೆ ಪೇಟೆಯ ಕೇಬಲ್ಲು ನಮ್ಮ ತೋಟದ ಮನೆಗಳಿಗೆ ಬರುವಂತಿರಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಸಣ್ಣ ಡಿಶ್ ಬಂದ ಮೇಲೆಯೇ ಎಲ್ಲರ ಮನೆಗೂ ಧಾರಾವಾಹಿ ಮುಟ್ಟಿದ್ದು.

ಡಿಶ್ಶಿನ ಜೊತೆಗೆ ಒಂದು ತೊಂದರೆಯೂ ಬಂತು. ಅದಕ್ಕೆ ಬರುವ ಸಿಗ್ನಲ್ಲನ್ನು ಜೋರು ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ, ಘಟ್ಟದ ಅಂಚಿನಲ್ಲಿ ಅದರ ಅರ್ಥ ಏನು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಖ್ಯವಾದ ಎಪಿಸೋಡ್ ಬರುವ ಹೊತ್ತಿಗೇ 'ಸಿಗ್ನಲ್ ಇಲ್ಲ' ಅನ್ನುವ ನೀಲಿ ಪರದೆ. ಇಲ್ಲದಿದ್ದರೆ ಮರ ಬಿದ್ದು ಕರೆಂಟೇ ಇಲ್ಲ.

ಹಾಗಾಗಿ ಕಥೆ ಬಾಯಿಂದ ಬಾಯಿಗೆ ಬರುತ್ತಿತ್ತು. ನಿನ್ನೆ ಏನಾಯಿತು ಅಂತ ಲ್ಯಾಂಡ್‌ಲೈನ್‌ನಲ್ಲಿ ಕೇಳುತ್ತಿದ್ದರು. ಹಾಲು ಡೇರಿಯ ಸಾಲಿನಲ್ಲಿ ಕೇಳುತ್ತಿದ್ದರು. ಹೇಳುವವರು ಸುಮ್ನೆ ನಡೆದದ್ದನ್ನಷ್ಟೇ ಹೇಳುತ್ತಿದ್ದರೇ? ನಮ್ಮ ಆಯಿ ಹೇಳಿದರೆ ಅತ್ತೆಯ ಪಾತ್ರಕ್ಕೆ ಒಂದು ನ್ಯಾಯ ಇರುತ್ತಿತ್ತು. ಚಿಕ್ಕಮ್ಮ ಹೇಳಿದರೆ ಅದೇ ಅತ್ತೆ ರಾಕ್ಷಸಿ. ಒಂದೇ ಎಪಿಸೋಡು ಎರಡು ಥರ. ಕೇಳಿದ ನಾನು ನನ್ನ ಗೆಳತಿಗೆ ಮೂರನೇ ಥರ ಹೇಳುತ್ತಿದ್ದೆ. ಆ ಇಪ್ಪತ್ತು ನಿಮಿಷದ ಕಥೆಗಾಗಿ ಅವರು ಸ್ವಂತ ಬುದ್ಧಿ, ಸ್ವಂತ ಅನುಭವ ಎಲ್ಲವನ್ನೂ ಖರ್ಚು ಮಾಡುತ್ತಿದ್ದರು. ಸೊಸೆ ಮನೆ ಬಿಟ್ಟು ಹೋಗಬೇಕಿತ್ತೋ ಬೇಡವೋ ಅಂತ ವಾದಿಸುವಾಗ ಎಷ್ಟೋ ಸಲ ಮಾತು ಧಾರಾವಾಹಿಯ ಸೊಸೆಯದಾಗಿರುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಹೇಳಲಾಗದ್ದನ್ನು ಅವಳ ಹೆಸರಿನಲ್ಲಿ ಹೇಳುತ್ತಿದ್ದರು. ಗಂಡಸರು ರಾತ್ರಿಯಿಡೀ ಕೂತು ಕರ್ಣನ ಪರ ವಾದಿಸಿದರೆ ವಿದ್ವತ್ತು, ಹೆಂಗಸರು ಸೊಸೆಯ ಪರ ವಾದಿಸಿದರೆ ಪಂಚಾಯ್ತಿಕೆ ಅನ್ನುವ ಮಾತು ಆಗಲೂ ಇತ್ತು. ಈಗಲೂ ಇದೆ. ನನಗೆ ಎರಡರಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಲೆಕ್ಕವೇ ಬೇರೆ. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕಾರವಾರದ ಕಡೆ ಮನೆಮಾತು ಕೊಂಕಣಿ, ಮರಾಠಿ ಓದುವ, ಮರಾಠಿ ಧಾರಾವಾಹಿ ನೋಡುವ ಮನೆಗಳು ಇವತ್ತಿಗೂ ಇವೆ. ಜೀ ಮರಾಠಿಯಲ್ಲಿ 2018ರಲ್ಲಿ ಶುರುವಾದ 'ತುಲಾ ಪಾಹತೆ ರೇ' 2019ರಲ್ಲಿ ಮುಗಿಯಿತು. ಅದೇ ವರ್ಷ ಅದರ ರಿಮೇಕ್ ಕನ್ನಡದಲ್ಲಿ 'ಜೊತೆ ಜೊತೆಯಲಿ' ಆಗಿ ಬಂತು. ಇತ್ತ ಶಿರಸಿಯಲ್ಲಿ ನಾವು ಅದರ ನಾಯಕ ಆರ್ಯವರ್ಧನನ ಒಳ್ಳೆಯತನಕ್ಕೆ ಕರಗಿ ಹೋಗಿದ್ದೆವು. ಅತ್ತ ಕಾರವಾರದ ಪಕ್ಕದ ಸದಾಶಿವಗಡದಲ್ಲಿರುವ ನಮ್ಮ ಅತ್ತಿಗೆ ಮರಾಠಿಯದನ್ನು ಪೂರ್ತಿ ನೋಡಿಯಾಗಿತ್ತು. ಅದರಲ್ಲಿ ನಾಯಕನೇ ವಿಲನ್, ಮೊದಲ ಹೆಂಡತಿಯ ಸಾವಿಗೆ ಅವನೇ ಕಾರಣ. "ಅವನನ್ನು ನಂಬಬೇಡಿ" ಅಂತ ಒಂದು ಸಲ ಫೋನಿನಲ್ಲಿ ಬಾಯಿ ಬಿಟ್ಟರು. ನಮ್ಮ ಆಯಿ ಒಂದು ವಾರ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಕನ್ನಡದ ಕಥೆ ಬೇರೆ ದಾರಿ ಹಿಡಿದು 2023ರವರೆಗೆ ನಡೆಯಿತು. ಮಧ್ಯದಲ್ಲಿ, 2022ರಲ್ಲಿ, ನಾಯಕ ನಟರೂ ಬದಲಾದರು. ಅತ್ತಿಗೆಗೆ ಗೊತ್ತಿದ್ದ ಕೊನೆ ಉಪಯೋಗಕ್ಕೆ ಬರಲಿಲ್ಲ. ಪಾತ್ರ ಸರಿಯೋ ತಪ್ಪೋ ಅನ್ನುವ ಮಾತು ನಿಂತುಹೋಗಿ, ನಟ ಯಾಕೆ ಹೋದರು, ಕಥೆ ಯಾಕೆ ತಿರುಗಿತು ಅನ್ನುವುದೇ ಮಾತಾಯಿತು.

ಕಥೆ ಯಾಕೆ ತಿರುಗುತ್ತದೆ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಪ್ರತಿ ಗುರುವಾರ ಬರುವ ರೇಟಿಂಗ್ ಒಂದು ಕಾರಣ. ಯಾವುದನ್ನು ಎಷ್ಟು ಜನ ನೋಡಿದರು ಅನ್ನುವ ಈ ಲೆಕ್ಕವನ್ನು ಬಾರ್ಕ್ ಅನ್ನುವ ಸಂಸ್ಥೆ 2015ರಲ್ಲಿ ಶುರು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಿಂದ ಹಳ್ಳಿಗಳ ಅಂಕಿಯೂ ಸೇರಿತು. ಇಡೀ ದೇಶದಲ್ಲಿ ಅದರ ಮೀಟರ್ ಇರುವುದು 50,000ಕ್ಕಿಂತ ಸ್ವಲ್ಪ ಜಾಸ್ತಿ ಮನೆಗಳಲ್ಲಿ. ಅಲ್ಲಿ ಅಂಕಿ ಇಳಿದರೆ ಇಲ್ಲಿ ಒಳ್ಳೆಯ ಗಂಡ ಕೆಟ್ಟವನಾಗುತ್ತಾನೆ, ಸತ್ತವಳಿಗೆ ತದ್ರೂಪಿ ತಂಗಿ ಹುಟ್ಟುತ್ತಾಳೆ. ದಿನಕ್ಕೊಂದು ಎಪಿಸೋಡ್ ಕೊಡಲೇಬೇಕಾದ ಒತ್ತಡ ಬೇರೆ. ಸಂಭಾಷಣೆ ಬರೆಯುವವರಿಗೆ ಹಿಂದಿನ ವರ್ಷದ ಎಳೆ ತಿರುಗಿ ನೋಡಲು ಪುರುಸೊತ್ತೆಲ್ಲಿ? ಎಳೆ ನೆನಪಿಟ್ಟುಕೊಳ್ಳುವವರು ಅಡಿಕೆ ಸುಲಿಯುವ ನಮ್ಮ ದೊಡ್ಡಾಯಿಯಂಥವರು. ಮೋಸ ಹೋದ ಹಾಗೆ ಅನ್ನಿಸುವುದೂ ಅವರಿಗೇ.

2016ರಲ್ಲಿ ಜಿಯೋ ಬಂದ ಮೇಲೆ ವಾದ ಫೋನಿಗೆ ಹೋಯಿತು. ಆ್ಯಪ್‌ನಲ್ಲಿ ಮಧ್ಯಾಹ್ನವೇ ನೋಡಿದವರಿಗೆ ರಾತ್ರಿಯದು ಗೊತ್ತು. ನೋಡದವರಿಗೆ ಪ್ರೋಮೊ ಸಾಕು. ಮಳೆಗೆ ತಪ್ಪಿದ್ದೂ ಮರುದಿನ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಹೊಸ ವಾದಗಳಲ್ಲಿ ಪಾತ್ರಕ್ಕಿಂತ ನಾಯಕ ನಾಯಕಿಯ ಜೋಡಿ ದೊಡ್ಡದಾಯಿತು. ನಮ್ಮ ಜೋಡಿ, ನಿಮ್ಮ ಜೋಡಿ. ವಿಲನ್ ಪಾತ್ರ ಮಾಡಿದ ಹೆಣ್ಣುಮಗಳಿಗೇ ಬೈಗುಳ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಯಕ್ಷಗಾನದಲ್ಲಿ ಕೀಚಕನ ವೇಷದ ಚಿಟ್ಟಾಣಿಯವರನ್ನು ಕಂಡು ಹುಚ್ಚೆದ್ದ ಜನ ನಾವು. ಬೆಳಿಗ್ಗೆ ಅವರಿಗೆ ಕೈಮುಗಿದೆವೇ ಹೊರತು ಕೀಚಕನ ತಪ್ಪಿಗೆ ಅವರನ್ನು ಬೈದವರಿಲ್ಲ.

ಜಗುಲಿಯ ಆ ನಾಯಕಿ ಎರಡು ವಾರ ಬಿಟ್ಟು ವಾಪಸ್ ಬಂದಳು. ಬೇರೆ ನಟಿ, ಅದೇ ಹೆಸರು. ದೊಡ್ಡಾಯಿ ಗೆದ್ದೆ ಎನ್ನಲಿಲ್ಲ. ಎರಡು ದಿನ ಸುಮ್ಮನೆ ನೋಡಿದರು. ಮೂರನೇ ರಾತ್ರಿ ಆ ಹುಡುಗಿ ಗಂಡನ ಎದುರು ನಿಂತು, ಬ್ರೇಕ್ ಕೀಳಿಸಿದ್ದು ಯಾರು ಅಂತ ಕೇಳಿದಳು. ದೊಡ್ಡಾಯಿಯ ಕತ್ತಿ ನಿಂತಿತು. "ಹಾಂ, ಈಗ ಹೇಳಲಿ ಅವನು" ಎಂದರು.